ಹುಳು ಮನೆಯಲ್ಲಿ ಕಲಿತ ಪದ: ಪುರುಷಪ್ರಧಾನ

ನಿವೃತ್ತನಾದವನ ಮನೆಗೆ ಇಲಾಖೆಯವರು ಬಂದರೆ ಒಂದೋ ಹಳೇ ಕಡತ ಕಾಣೆಯಾಗಿರಬೇಕು, ಇಲ್ಲ ಯಾವುದೋ ಸಮಾರಂಭಕ್ಕೆ ಸಭಿಕರು ಸಾಲದೆ ಹೋಗಿರಬೇಕು. ರೇಷ್ಮೆ ಇಲಾಖೆಗೆ ಹೊಸದಾಗಿ ಸೇರಿರುವ ಕಾವ್ಯ ಎಂಬ ಹುಡುಗಿ ಹೋದ ತಿಂಗಳು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದಾಗ ನಾನು ಎರಡಕ್ಕೂ ತಯಾರಾಗಿ ಕೂತಿದ್ದೆ. ಆದರೆ ಅವಳು ಕೇಳಿದ್ದು ಬೇರೆ.

"ಸಾರ್, ಹೊಸಬರಿಗೆ ಅಂತ ಒಂದು ಪುಸ್ತಕ ಮಾಡ್ತಿದೀವಿ. ನಿಮ್ಮ ಅನುಭವ ಬರ್ಕೊಡಿ. ಪ್ರಮೋಷನ್ನು, ಸನ್ಮಾನ ಅದೆಲ್ಲ ಬೇಡ ಸಾರ್. ಫೀಲ್ಡಲ್ಲಿ ಏನು ಕಲಿತ್ರಿ, ಅದು."

ಬಡ್ತಿ ಬೇಡ ಅಂದದ್ದು ಒಳ್ಳೆಯದೇ ಆಯಿತು. ಬರೆಯುವಷ್ಟು ಬಡ್ತಿ ನನಗೆ ಸಿಕ್ಕಿಯೂ ಇಲ್ಲ. ಪ್ರದರ್ಶಕನಾಗಿ ಸೇರಿದೆ, ವಿಸ್ತರಣಾಧಿಕಾರಿಯಾಗಿ ಮನೆಗೆ ಬಂದೆ. ನಡುವೆ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ಎಂದು ನಾಲ್ಕು ತಾಲ್ಲೂಕುಗಳ ಧೂಳು ಕುಡಿದೆ. ಕಲಿತದ್ದೇನು ಎಂದು ಎರಡು ದಿನ ಯೋಚಿಸಿದೆ. ಹಿಪ್ಪುನೇರಳೆ ಸೊಪ್ಪು, ಸುಣ್ಣಕಟ್ಟು ರೋಗ, ಊಜಿ ನೊಣ, ಇವೆಲ್ಲ ನಿಮ್ಮ ಪಠ್ಯದಲ್ಲೇ ಇವೆ. ಪಠ್ಯದಲ್ಲಿ ಇಲ್ಲದ್ದು, ನಾನು ನೌಕರಿಯಲ್ಲೇ ಕಲಿತದ್ದು ಒಂದೇ ಒಂದು ಪದದ ಅರ್ಥ. ಪದ 'ಪುರುಷಪ್ರಧಾನ'.

ರೇಷ್ಮೆಹುಳಕ್ಕೂ ಈ ಪದಕ್ಕೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಸಂಬಂಧ ತೋರಿಸಿಕೊಟ್ಟವರು ಮಂಡಿಕಲ್ ಹೋಬಳಿಯ ಒಂದು ಹಳ್ಳಿಯ ನಾರಾಯಣಮ್ಮ. ಅವರಿಗೆ ಬೇಕಾಗಿದ್ದದ್ದು ಒಂದು ಚಾಕಿ ಕೇಂದ್ರ. ಮೊಟ್ಟೆಯೊಡೆದ ಮರಿಹುಳಗಳನ್ನು ಎರಡನೇ ಜ್ವರದವರೆಗೆ ಸಾಕಿ ಊರಿನ ರೈತರಿಗೆ ಕೊಡುವ ಜಾಗಕ್ಕೆ ಹಾಗೆನ್ನುತ್ತಾರೆ. ಜ್ವರ ಅಂದರೆ ಗಾಬರಿಯಾಗಬೇಡಿ, ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಇರುವ ಮಾತು ಅದು. ಆಗ ಹುಳು ತಲೆ ಎತ್ತಿಕೊಂಡು ಅಲುಗದೆ ಕೂತುಬಿಡುತ್ತದೆ. ಈ ನಾರಾಯಣಮ್ಮನ ಚಾಕಿ ಕೇಂದ್ರಕ್ಕೆ ಅಡ್ಡ ಬಂದವನು ನಾನು. ಅದೂ ಅವರಿಗೆ ಒಳ್ಳೆಯದಾಗಲಿ ಎಂದು ಅಡ್ಡ ಬಂದೆ. ಅಲ್ಲಿಗೆ ಹೋಗುವ ಮೊದಲು ನಾನು ಅಂಥವನು ಹೇಗಾದೆ ಎಂದು ಹೇಳಬೇಕು.

ನನ್ನ ಮೊದಲ ಜಾಗ ಮೇಲೂರು. ಮೇಲಧಿಕಾರಿ ನಂಜುಂಡಪ್ಪನವರು, ನಿವೃತ್ತಿಗೆ ಹತ್ತಿರವಾಗಿದ್ದ ನಿರೀಕ್ಷಕರು. ಹಳ್ಳಿಗೆ ಹೋದ ಕೂಡಲೇ ಅರಳಿಕಟ್ಟೆಯಲ್ಲಿ ಸಭೆ ಸೇರಿಸುವುದು ಅವರ ಪದ್ಧತಿ. ಬರುವವರೆಲ್ಲ ಗಂಡಸರು. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬೇಡಿ, ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸಿ, ಎಲ್ಲ ಹುಳು ಎದ್ದ ಮೇಲೆ ಸೊಪ್ಪು ಕೊಡಿ ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದೆ. ಅವರು ಎಷ್ಟು ಚೆನ್ನಾಗಿ ತಲೆಯಾಡಿಸುತ್ತಿದ್ದರೆಂದರೆ ನನಗೆ ನನ್ನ ವಿದ್ಯೆಯ ಮೇಲೆ ಅಭಿಮಾನ ಉಕ್ಕುತ್ತಿತ್ತು.

ಒಂದು ದಿನ ಹೊರಗಿನಿಂದ ಅಧ್ಯಯನಕ್ಕೆ ಬಂದವರನ್ನು ಊರಿನ ದೊಡ್ಡ ಬೆಳೆಗಾರ ಚನ್ನರಾಯಪ್ಪನವರ ಮನೆಗೆ ಕರೆದುಕೊಂಡು ಹೋದೆ. ಹುಳು ಹಣ್ಣಾಗುವ ಸಮಯ. ಹಣ್ಣಾದ ಹುಳು ಸೊಪ್ಪು ತಿನ್ನುವುದು ಬಿಟ್ಟು, ಮೈಯೆಲ್ಲ ಹೊಳಪಾಗಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅಂಥದ್ದನ್ನು ಆರಿಸಿ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆಯ ಮೇಲೆ ಬಿಡಬೇಕು. "ಚನ್ನರಾಯಪ್ಪನೋರೇ, ಹೆಂಗೆ ಆರಿಸ್ತೀರಿ ಸ್ವಲ್ಪ ತೋರಿಸಿ" ಅಂದೆ. ಅವರು ಟವೆಲು ಕೊಡವಿ, ಗಾಂಭೀರ್ಯದಿಂದ ಬಗ್ಗಿ, ಒಂದೊಂದಾಗಿ ಹುಳು ಎತ್ತಿ ಚಂದ್ರಿಕೆಗೆ ಬಿಟ್ಟರು. ಬಿಟ್ಟವುಗಳಲ್ಲಿ ಮುಕ್ಕಾಲುಪಾಲು ಅಲ್ಲಿಂದ ಇಳಿದು ಮತ್ತೆ ಸೊಪ್ಪಿನ ಕಡೆ ಹೊರಟವು. ಬಾಗಿಲ ಹಿಂದೆ ಅವರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತಿದ್ದರು.

"ನಾನು ಗೂಡು ಬಂದ್ಮೇಲೆ ನೋಡೋನು ಸಾರ್" ಎಂದರು ಚನ್ನರಾಯಪ್ಪ, ಒಂದಿಷ್ಟೂ ಸಂಕೋಚವಿಲ್ಲದೆ.

ನಾನು ನಂಜುಂಡಪ್ಪನವರ ಬಳಿ ಓಡಿದೆ. "ಸಾರ್, ಹುಳ ಸಾಕೋರು ಹೆಂಗಸರು. ನಾವು ಪಾಠ ಹೇಳ್ತಿರೋದು ಗಂಡಸರಿಗೆ."

"ಗೊತ್ತು ಕಣಯ್ಯ. ಪರ ಊರಿನ ಹೆಂಗಸರ ಹತ್ರ ನಿಂತ್ಕೊಂಡು ಮಾತಾಡಿದ್ರೆ ಜನ ಏನಂತಾರೆ? ಗಂಡಸರಿಗೆ ಹೇಳು, ಅವರು ಮನೇಲಿ ಹೇಳ್ತಾರೆ."

"ಹೇಳ್ದೇ ಇದ್ರೆ?"

"ಹೇಳ್ದೇ ಇದ್ರೂ ಹುಳ ಸಾಕ್ತಾವ್ರಲ್ಲಪ್ಪ. ನಿನ್ನ ದಿನಚರೀಲಿ ಸಭೆ ನಡೀತು ಅಂತ ಬರ್ಕೋ, ಸಾಕು."

ಇದನ್ನು ನಾನು ಅನುಭವಸ್ಥರ ಬುದ್ಧಿಮಾತು ಎಂದುಕೊಂಡೆ. ಮುಂದೆ ಎಷ್ಟೋ ವರ್ಷ ಹಾಗೇ ನಡೆದುಕೊಂಡೆ. ತಟ್ಟೆ ಹೋಗಿ ಸ್ಟ್ಯಾಂಡ್ ಬಂತು, ಬಿಡಿ ಎಲೆ ಹೋಗಿ ರೆಂಬೆ ಪದ್ಧತಿ ಬಂತು, ಮಿಶ್ರತಳಿ ಹೋಗಿ ದ್ವಿತಳಿ ಬಂತು, ಬಿದಿರಿನ ಚಂದ್ರಿಕೆ ಹೋಗಿ ಪ್ಲಾಸ್ಟಿಕ್ಕಿನದು ಬಂತು. ಅರಳಿಕಟ್ಟೆಯ ಮೇಲೆ ಕೂತು ತಲೆಯಾಡಿಸುವವರು ಮಾತ್ರ ಬದಲಾಗಲಿಲ್ಲ.

ಪದ ಬಂದದ್ದು ನಾನು ಗೌರಿಬಿದನೂರಿನಲ್ಲಿದ್ದಾಗ. ಮಹಿಳಾ ರೇಷ್ಮೆ ಬೆಳೆಗಾರರಿಗೆ ಒಂದು ದಿನದ ಶಿಬಿರ ಮಾಡಬೇಕು, ಅದರಲ್ಲಿ 'ಪುರುಷಪ್ರಧಾನ ಸಮಾಜದಲ್ಲಿ ಮಹಿಳಾ ಬೆಳೆಗಾರರು' ಎಂಬ ವಿಷಯದ ಮೇಲೆ ಒಂದು ಗಂಟೆಯ ಉಪನ್ಯಾಸ ಇರಬೇಕು ಎಂದು ಮೇಲಿಂದ ಸುತ್ತೋಲೆ ಬಂತು. ಆಗಿನ ಸಾಹೇಬರು ಕಾಗದವನ್ನು ನನ್ನ ಕಡೆ ತಳ್ಳಿದರು. "ಮೂರ್ತಿ, ಇದು ನಿಮಗೆ."

"ಸಾರ್, ಇದ್ರ ಅರ್ಥ..."

"ಪದ ಅವ್ರು ಕಳ್ಸವ್ರೆ. ಅರ್ಥ ನೀವು ನೋಡ್ಕೊಳ್ಳಿ."

ನನ್ನ ಹೆಂಡತಿ ವಿಮಲ ಸರ್ಕಾರಿ ಶಾಲೆಯಲ್ಲಿ ಟೀಚರು. ಸಂಜೆ ಮನೆಗೆ ಬಂದಾಗ ಅವಳು ನೆಲದ ಮೇಲೆ ಮಕ್ಕಳ ನೋಟ್‌ಬುಕ್ಕುಗಳನ್ನು ಹರಡಿಕೊಂಡು ತಿದ್ದುತ್ತಿದ್ದಳು. ನಾನು ಕುರ್ಚಿಯಲ್ಲಿ ಕಾಲು ಚಾಚಿ, "ವಿಮಲ, ಒಂದು ಲೋಟ ಕಾಫಿ ಕೊಡು. ಹಂಗೇ ಈ ಪುರುಷಪ್ರಧಾನ ಅಂದ್ರೆ ಏನು ಅಂತ ಒಂಚೂರು ಹೇಳು" ಅಂದೆ.

ಅವಳು ಕೆಂಪು ಪೆನ್ನು ಮುಚ್ಚಿಟ್ಟು ನನ್ನನ್ನು ನೋಡಿದಳು. "ನಿಘಂಟಲ್ಲಿ ಇರೋದು ಹೇಳ್ಲಾ, ನಮ್ಮನೇಲಿ ಇರೋದು ಹೇಳ್ಲಾ?"

"ಎರಡೂ ಹೇಳು."

"ನಿಘಂಟಲ್ಲಿ, ಆಸ್ತಿ, ಅಧಿಕಾರ, ಕೊನೇ ಮಾತು ಎಲ್ಲ ಗಂಡಸರ ಕೈಲಿರೋ ಸಮಾಜ ಅಂತಾರೆ. ಮನೆತನ ಅಪ್ಪನ ಕಡೆಯಿಂದ ಲೆಕ್ಕ ಹಾಕೋದಾದ್ರೆ ಪಿತೃಪ್ರಧಾನ ಅಂತಲೂ ಬರೀತಾರೆ. ಇನ್ನ ನಮ್ಮನೇದು. ನೀವೂ ಕೆಲಸ ಮಾಡಿ ಬಂದಿದೀರ, ನಾನೂ ಮಾಡಿ ಬಂದಿದೀನಿ, ಇನ್ನೂ ಮಾಡ್ತಾನೂ ಇದೀನಿ. ಆದ್ರೂ ಈಗ ಎದ್ದು ಕಾಫಿ ತರ್ಬೇಕಾದೋರು ಯಾರು ಅಂತ ಇಬ್ರಿಗೂ ಗೊತ್ತಿದೆ. ಯಾರೂ ಹೇಳ್ಕೊಟ್ಟಿಲ್ಲ, ಆದ್ರೂ ಗೊತ್ತಿದೆ. ಅದೇ ರೀ ಪುರುಷಪ್ರಧಾನ."

"ಅಂದ್ರೆ ನಾನು ಕೆಟ್ಟವನು ಅಂತಾಯ್ತು."

"ಅಲ್ಲ. ಅದೇ ಎಲ್ರೂ ತಪ್ಪು ತಿಳ್ಕೊಳ್ಳೋದು. ಕೆಟ್ಟ ಗಂಡನ್ನ ಬೈಯೋಕೆ ಇರೋ ಪದ ಅಲ್ಲ ಇದು. ಗಂಡ ಒಳ್ಳೇವನಾಗಿದ್ರೂ ಅದು ಇರತ್ತೆ. ಮನುಷ್ಯನ ಹೆಸರಲ್ಲ, ಏರ್ಪಾಡಿನ ಹೆಸರು. ಹೆಂಗಸರೂ ಅದನ್ನ ನಡೆಸ್ಕೊಂಡು ಹೋಗ್ತಾರೆ. ನೋಡಿ, ನಾನೇ ಎದ್ದು ಹೋಗ್ತಿದೀನಿ." ಹಾಗೆಂದು ಎದ್ದು ಕಾಫಿ ತಂದಳು.

ನಾನು ಅವಳು ಹೇಳಿದ್ದನ್ನೆಲ್ಲ ನೀಟಾಗಿ ಬರೆದುಕೊಂಡೆ. ಕಾಫಿಯ ಭಾಗ ಒಂದನ್ನು ಬಿಟ್ಟೆ. ಅದು ಸರ್ಕಾರಿ ಉಪನ್ಯಾಸಕ್ಕೆ ಹೊಂದುವುದಿಲ್ಲ ಅನ್ನಿಸಿತು.

ಶಿಬಿರದ ದಿನ ಬೆಳಿಗ್ಗೆ ಸಭಾಂಗಣದ ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ನಲವತ್ತು ಜನ ಕೂತಿದ್ದರು. ನಲವತ್ತೂ ಗಂಡಸರು. ಬೆಳೆಗಾರರಿಗೆ ಇಲಾಖೆಯಿಂದ ಪಾಸ್‌ಪುಸ್ತಕ ಇರುತ್ತದೆ. ಯಾರ ಹೆಸರಿನಲ್ಲಿ ಜಮೀನೋ ಅವರ ಹೆಸರಿನಲ್ಲಿ ಪುಸ್ತಕ. ನಾನು ಎಂದಿನಂತೆ ಪಾಸ್‌ಪುಸ್ತಕದ ಪಟ್ಟಿ ಮುಂದಿಟ್ಟುಕೊಂಡು ಮಹಿಳಾ ಶಿಬಿರಕ್ಕೆ ಆಹ್ವಾನ ಬರೆದಿದ್ದೆ!

"ಹೆಂಗಸರೆಲ್ಲ ಎಲ್ರಪ್ಪ?" ಎಂದೆ.

"ಹುಳಕ್ಕೆ ಸೊಪ್ಪು ಹಾಕ್ತಾವ್ರೆ ಸಾರ್. ಕಾಗದ್ದಾಗೆ ನಮ್ ಹೆಸ್ರಿತ್ತು, ನಾವ್ ಬಂದ್ವಿ."

ಸಾಹೇಬರು ನನ್ನ ಕಿವಿಯಲ್ಲಿ, "ಬ್ಯಾನರ್ ಕಟ್ಟಾಗಿದೆ, ಒಲೆ ಮೇಲೆ ಸಾರು ಕುದೀತಿದೆ. ಸುಮ್ನೆ ಮಾತಾಡಿ ಮುಗಿಸ್ರಿ" ಅಂದರು. ನಾನು ಒಂದು ಗಂಟೆ ಮಾತಾಡಿದೆ. ವಿಮಲಳ ಮಾತುಗಳಿಗೆ ಒಳ್ಳೆಯ ಚಪ್ಪಾಳೆ ಬಿತ್ತು. ಕೊನೆಗೆ ಒಬ್ಬ ಹಿರಿಯರು ಎದ್ದು ನಿಂತು, "ನೂರಕ್ಕೆ ನೂರು ನಿಜ ಸಾರ್ ನೀವು ಹೇಳಿದ್ದು. ಮನೆಗೋದ ತಕ್ಷಣ ನಮ್ಮೋಳಿಗೆ ಹೇಳ್ತೀನಿ, ಇನ್ಮೇಲೆ ಹಂಗೆಲ್ಲ ಇರಬೇಡ ಅಂತ" ಎಂದರು. ವರದಿಗೆ ಮಹಿಳೆಯರ ಫೋಟೋ ಬೇಕಿತ್ತು. ಪಕ್ಕದ ಕಟ್ಟಡದಲ್ಲಿ ಹೊಲಿಗೆ ಕಲಿಯುತ್ತಿದ್ದ ಹುಡುಗಿಯರನ್ನು ಕೇಳಿಕೊಂಡೆವು. ಊಟ ಹಾಕಿದರೆ ಬರುತ್ತೇವೆ ಅಂದರು. ಹಾಕಿದೆವು. ಆ ಫೋಟೋದಲ್ಲಿ ಅವರೆಲ್ಲ ಮೇಲಿನ ಬ್ಯಾನರನ್ನು ಓದಲು ಕತ್ತೆತ್ತಿದ್ದಾರೆ, ಬಹಳ ಆಸಕ್ತಿಯಿಂದ ಕೇಳುತ್ತಿದ್ದಂತೆ ಕಾಣುತ್ತದೆ. ಇದನ್ನು ನಾನು ವರ್ಷಗಟ್ಟಲೆ ತಮಾಷೆಯಾಗಿ ಹೇಳಿಕೊಂಡು ತಿರುಗಿದೆ. ತಪ್ಪು ಪಟ್ಟಿಯದು ಎಂದು ನಂಬಿದ್ದೆ.

ಆಮೇಲೆ ಮಂಡಿಕಲ್ ಕಡೆಗೆ ವರ್ಗವಾಯಿತು. ಅಲ್ಲಿ ಒಂದು ಹಳ್ಳಿಯಲ್ಲಿ ಎಂದಿನಂತೆ ಸಭೆ ಮುಗಿಸಿ ಬೈಕು ಹತ್ತುತ್ತಿದ್ದಾಗ ಒಬ್ಬ ಹೆಂಗಸು ದಾರಿಗೆ ಅಡ್ಡ ನಿಂತರು. ಅವರೇ ನಾರಾಯಣಮ್ಮ.

"ಸಾರ್, ಚಾಕಿ ಹುಳ ದೂರದಿಂದ ಗಾಡೀಲಿ ಬರ್ತವೆ. ಕುಲುಕಿ ಕುಲುಕಿ ಅರ್ಧ ಸುಸ್ತಾಗಿರ್ತವೆ. ಒಂದು ಎದ್ದಿದ್ರೆ ಇನ್ನೊಂದು ಜ್ವರಕ್ಕೆ ಕೂತಿರ್ತದೆ. ನಾನು ಹೋದ ಬೆಳೇಲಿ ಮೂರು ಮನೆಗಾಗೋಷ್ಟು ಮರಿ ನಮ್ಮನೇಲೇ ಮಾಡಿದೀನಿ. ಬಂದು ನೋಡಿ."

ಹೋದೆ. ಬಾಗಿಲಲ್ಲೇ ಬೂಟು ಬಿಡಿಸಿದರು. ಕಾಲುಚೀಲವನ್ನೂ ಬಿಡಿಸಿದರು. ಔಷಧಿ ನೀರಿನಲ್ಲಿ ಕೈ ತೊಳೆಸಿ, ನಾನು ಸರಿಯಾಗಿ ತೊಳೆಯಲಿಲ್ಲವೆಂದು ಇನ್ನೊಮ್ಮೆ ತೊಳೆಸಿದರು. ಒಳಗೆ ಸಣ್ಣ ಕೋಣೆ. ತಟ್ಟೆಗಳಲ್ಲಿ ಹುಳುಗಳು ಎಲ್ಲ ಒಂದೇ ಗಾತ್ರ, ಎಲ್ಲ ಒಂದೇ ಹೊತ್ತಿಗೆ ಜ್ವರಕ್ಕೆ ಕೂತಿದ್ದವು. ಅಂಥ ಕೆಲಸವನ್ನು ನಾನು ನನ್ನ ನೌಕರಿಯಲ್ಲಿ ಎಲ್ಲೋ ಒಂದೆರಡು ಕಡೆ ಕಂಡಿದ್ದೆ. ನಿಜ ಹೇಳಬೇಕೆಂದರೆ ನನಗೆ ಅಲ್ಲಿ ಪಾಠ ಹೇಳಲು ಏನೂ ಇರಲಿಲ್ಲ.

"ನನಗೆ ಚಾಕಿ ಕೇಂದ್ರ ಬೇಕು ಸಾರ್. ಏನ್ ಮಾಡ್ಬೇಕು ಹೇಳಿ" ಎಂದರು.

ಕೇಂದ್ರಕ್ಕೆ ಅನುಮತಿ ಬೇಕಾದರೆ ಹದಿನೈದು ದಿನ ತರಬೇತಿ ಕೇಂದ್ರದಲ್ಲಿ ಇದ್ದು ಪ್ರಮಾಣಪತ್ರ ತರಬೇಕು. ಹೆಸರು ಕಳಿಸುವವನು ನಾನೇ. ಅವರ ಅಂಗಳದ ಬೇವಿನ ಮರದ ಕೆಳಗೆ ಕೂತು ಹತ್ತು ನಿಮಿಷದಲ್ಲಿ ಅರ್ಜಿ ತುಂಬಿದೆ. ಅಭ್ಯರ್ಥಿಯ ಹೆಸರು ಕೃಷ್ಣಪ್ಪ ಎಂದು ಬರೆದೆ. ಕೃಷ್ಣಪ್ಪ ಆಕೆಯ ಗಂಡ. ಜಮೀನು ಅವರ ಹೆಸರಿನಲ್ಲಿತ್ತು. ಜೊತೆಗೆ, ಮನೆಯಲ್ಲಿ ಹುಳು ಇದೆ, ಎರಡು ಹಸು ಇದೆ, ವಯಸ್ಸಾದ ಅತ್ತೆ ಇದ್ದಾರೆ, ಹೆಣ್ಣುಮಗಳು ಹದಿನೈದು ದಿನ ಎಲ್ಲಿ ಹೋಗಿ ಇರುತ್ತಾಳೆ ಎಂದು ನಾನೇ ಕೇಳಿಕೊಂಡು ನಾನೇ ಉತ್ತರ ಹೇಳಿಕೊಂಡೆ. ನಾರಾಯಣಮ್ಮ ನನಗಾಗಿ ಮಜ್ಜಿಗೆ ತರಲು ಒಳಗೆ ಹೋಗಿದ್ದರು. ಬಂದು ಕೇಳೋಣ ಎಂದು ಕೂಡ ಹೊಳೆಯಲಿಲ್ಲ.

ಕೃಷ್ಣಪ್ಪನಿಗೆ ಗಾಬರಿಯಾಯಿತು. "ನಾನಾ ಸಾರ್? ನನಗೆ ಆ ಹುಳ ಮುಟ್ಟಿದ್ರೆ ಮೈ ಜುಂ ಅಂತದೆ."

"ಕಲಿಸ್ತಾರೆ ಹೋಗಪ್ಪ" ಎಂದು ರುಜು ಹಾಕಿಸಿದೆ. ಆತ ಸಾಧು ಮನುಷ್ಯ. ತೋಟ, ಸೊಪ್ಪು, ಬೈಕು ಇಷ್ಟೇ ಆತನ ಪ್ರಪಂಚ. ಸಾರ್ ಹೇಳಿದರಲ್ಲ ಎಂದು ಹೋದರು. ಹದಿನೈದು ದಿನ ಕಳೆದು ಪ್ರಮಾಣಪತ್ರವನ್ನೂ ಗುಂಪಿನ ಫೋಟೋವನ್ನೂ ತಂದರು. ಹೇಗಿತ್ತು ಎಂದು ಕೇಳಿದೆ. "ಊಟ ಭೇಷಾಗಿತ್ತು ಸಾರ್" ಎಂದರು.

ಅನುಮತಿಗೆ ಮುಂಚೆ ತಪಾಸಣೆಗೆ ಬಂದವರು ಹೊಸ ಉಪನಿರ್ದೇಶಕಿ. ಮಾತು ಕಮ್ಮಿ, ಕಣ್ಣು ಚುರುಕು. ಹುಳು ಮನೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೃಷ್ಣಪ್ಪನನ್ನು ಎದುರಿಗೆ ಕೂರಿಸಿದರು.

"ಮೊಟ್ಟೆ ಮೇಲೆ ಕಪ್ಪು ಬಟ್ಟೆ ಯಾವಾಗ ಮುಚ್ತೀರಿ?"

ಕೃಷ್ಣಪ್ಪ ಬಾಗಿಲ ಕಡೆ ನೋಡಿದರು. ಬಾಗಿಲ ಹಿಂದಿನಿಂದ ಮೆಲ್ಲಗೆ ದನಿ ಬಂತು: "ಮೊಟ್ಟೇಲಿ ಕಪ್ಪು ಚುಕ್ಕೆ ಕಂಡಾಗ."

"ಚುಕ್ಕೆ ಕಂಡಾಗ ಮೇಡಂ" ಎಂದರು ಕೃಷ್ಣಪ್ಪ.

"ಯಾಕೆ ಮುಚ್ತೀರಿ?"

ಮತ್ತೆ ಬಾಗಿಲು. "ಎಲ್ಲ ಒಟ್ಟಿಗೆ ಒಡೀಲಿ ಅಂತ."

"ಎಲ್ಲ ಒಟ್ಟಿಗೆ... ಏನಂದೆ?" ಎಂದು ಕೃಷ್ಣಪ್ಪ ಬಾಗಿಲನ್ನೇ ಕೇಳಿಬಿಟ್ಟರು.

ಜಗಲಿಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ವಾಡಿಕೇಂ ತೆಲುಸಮ್ಮಾ?" ಎಂದು, ಅವನಿಗೇನು ಗೊತ್ತು ಎನ್ನುವುದನ್ನು ತೆಲುಗಿನಲ್ಲಿ ಹೇಳಿ ಸ್ವಂತ ಮಗನನ್ನೇ ತಳ್ಳಿಹಾಕಿದರು. "ನಮ್ ಸೊಸೇನ ಕೇಳಿ."

ಮೇಡಂ ನಾರಾಯಣಮ್ಮನನ್ನು ಹೊರಗೆ ಕರೆದು ಅರ್ಧ ಗಂಟೆ ಮಾತಾಡಿದರು. ಕೋಣೆ ನೋಡಿದರು, ಹುಳು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಮೂರ್ತಿಯವರೇ, ಗೊತ್ತಿರೋರ ಹತ್ರ ಪ್ರಮಾಣಪತ್ರ ಇಲ್ಲ. ಪ್ರಮಾಣಪತ್ರ ಇರೋರಿಗೆ ಗೊತ್ತಿಲ್ಲ. ಊರಿಗೆಲ್ಲ ಮರಿ ಕೊಡೋ ಜಾಗ ಇದು. ನಾನು ಯಾರ ಹೆಸರಿಗೆ ಅನುಮತಿ ಕೊಡ್ಲಿ?" ಎಂದು ಅರ್ಜಿಯ ಮೇಲೆ ತಿರಸ್ಕರಿಸಲಾಗಿದೆ ಎಂದು ಬರೆದರು. "ಮುಂದಿನ ತಂಡ ಬರೋ ತಿಂಗಳು. ಈ ವರ್ಷಕ್ಕೆ ಅದೇ ಕೊನೇದು. ಇಲ್ಲಿಗೆ ಬರೋ ಕೇಂದ್ರ ಆಮೇಲೆ ಬೇರೆ ಊರಿಗೆ ಹೋಗತ್ತೆ."

ಜೀಪು ಹೋದ ಮೇಲೆ ನಾನು ಹುಳು ಮನೆಯ ಬಾಗಿಲಲ್ಲಿ ನಿಂತೆ. ನಾರಾಯಣಮ್ಮ ಬೈಯಲಿಲ್ಲ. ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಗಿತ್ತು, ಹಾಕುತ್ತಲೇ ಮಾತಾಡಿದರು.

"ನನ್ನನ್ನ ಒಂದು ಮಾತು ಕೇಳಿದ್ರಾ ಸಾರ್?"

"ನಿಮ್ಗೆ ತೊಂದ್ರೆ ಆಗಬಾರ್ದು ಅಂತಲೇ ಅಮ್ಮ ನಾನು... ಹದಿನೈದು ದಿನ ಮನೆ ಬಿಟ್ಟು ನೀವು ಹೆಂಗೆ..."

"ಅವ್ರು ಹದಿನೈದು ದಿನ ಮನೆ ಬಿಟ್ಟು ಹೋದ್ರಲ್ಲ. ಹಸು ಸತ್ತೋದ್ವಾ? ಹುಳ ಸತ್ತೋದ್ವಾ? ಅತ್ತೆ ಉಪವಾಸ ಬಿದ್ರಾ? ನಾನು ನೋಡ್ಕೊಂಡೆ. ನಾನು ಹೋದ್ರೆ ಅವ್ರು ನೋಡ್ಕೊಳಲ್ಲ ಅಂತ ನಿಮಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ನಾಚಿಕೆ ಎಂದರೆ ಏನೆಂದು ನನಗೆ ಅಂದು ಗೊತ್ತಾಯಿತು. ಅಲ್ಲಿಂದ ಎಲ್ಲಾದರೂ ಓಡಿಹೋಗೋಣ ಅನ್ನಿಸಿತು. ಮುಂದಿನ ತಂಡಕ್ಕೆ ಅವರ ಹೆಸರು ಬರೆಯುತ್ತೇನೆ ಎಂದು ಚೀಲದಿಂದ ಹೊಸ ಅರ್ಜಿ ತೆಗೆದೆ. ತೆಗೆದವನಿಗೆ ಇನ್ನೊಂದು ಮುಜುಗರ ಕಾದಿತ್ತು. ಅಭ್ಯರ್ಥಿಯ ಹೆಸರಿನಲ್ಲಿ ಜಮೀನು ಇಲ್ಲದಿದ್ದರೆ ಜಮೀನು ಇರುವವರ ಒಪ್ಪಿಗೆ ಪತ್ರ ಲಗತ್ತಿಸಬೇಕು.

"ಅಂದ್ರೆ ನಾನು ಹೋಗೋಕೆ ಅವ್ರು ಒಪ್ಪಿದೀನಿ ಅಂತ ಬರ್ಕೊಡ್ಬೇಕು" ಎಂದರು ನಾರಾಯಣಮ್ಮ.

"ಹೌದಮ್ಮ."

"ಅವ್ರು ಹೋದಾಗ ನಾನು ಒಪ್ಪಿದೀನಿ ಅಂತ ಯಾರೂ ಬರೆಸ್ಕೊಳ್ಳಲಿಲ್ಲ. ಸಾಕೋಳು ನಾನು. ಕೋಣೆ ಒಪ್ಪ ಮಾಡಿದೋಳು ನಾನು." ಇನ್ನೊಂದು ರೆಂಬೆ ಕೈಗೆತ್ತಿಕೊಂಡು ಕೇಳಿದರು: "ಇದಕ್ಕೆ ಏನೋ ಒಂದು ಹೆಸರು ಇರಬೇಕಲ್ವಾ ಸಾರ್?"

"ಇದೆಯಮ್ಮ. ಪುರುಷಪ್ರಧಾನ ಅಂತಾರೆ. ಅದ್ರ ಮೇಲೆ ಹಿಂದೆ ನಾನೇ ಭಾಷಣ ಮಾಡಿದೀನಿ."

"ಯಾರಿಗೆ ಮಾಡಿದ್ರಿ?"

"ಗೌರಿಬಿದನೂರಲ್ಲಿ. ನಲವತ್ತು ಜನ ಗಂಡಸರಿಗೆ."

ನಾರಾಯಣಮ್ಮ ಕೈಲಿದ್ದ ರೆಂಬೆ ಕೆಳಗಿಟ್ಟು ನಕ್ಕರು. ಎಷ್ಟು ನಕ್ಕರೆಂದರೆ ಅತ್ತೆ ಜಗಲಿಯಿಂದ ಎದ್ದು ಬಂದು ಏನಾಯಿತು ಎಂದು ವಿಚಾರಿಸಿದರು. ವಿಮಲ ಹೇಳಿದ್ದು ನನಗೆ ಅರ್ಥವಾದದ್ದು ಆಗ. ಕೃಷ್ಣಪ್ಪ ಆಕೆಯನ್ನು ಎಂದೂ ತಡೆದವರಲ್ಲ. ಅತ್ತೆ ಸೊಸೆಯ ಪರ. ಮನೆಯಲ್ಲಿ ಒಬ್ಬರೂ ಬೇಡ ಅಂದಿರಲಿಲ್ಲ. ಆದರೂ ನನ್ನ ಪೆನ್ನು ತಾನಾಗಿ ಗಂಡಸಿನ ಹೆಸರು ಹುಡುಕಿಕೊಂಡು ಹೋಗಿತ್ತು, ಅರ್ಜಿಯ ನಮೂನೆ ಸಿದ್ಧಪಡಿಸಿದವರ ಪೆನ್ನೂ ಹಾಗೇ ಹೋಗಿತ್ತು. ಯುವ ಮಿತ್ರರೇ, ಈ ಪದವನ್ನು ಬಳಸುವಾಗ ಬೆರಳು ಎದುರಿನವನ ಕಡೆ ತೋರಿಸುವುದು ಸುಲಭ. ಅದಕ್ಕೆ ಮುಂಚೆ ನಿಮ್ಮ ಕೈಬರಹ ಒಮ್ಮೆ ನೋಡಿಕೊಳ್ಳಿ.

ಕೃಷ್ಣಪ್ಪ ಒಪ್ಪಿಗೆ ಪತ್ರಕ್ಕೆ ಸಂತೋಷದಿಂದಲೇ ರುಜು ಹಾಕಿದರು. ಹಾಕಿ ಮುಗಿದ ಮೇಲೆ ತಲೆಗೆ ಹೊಳೆಯಿತು. "ಅಲ್ಲಾ, ಇವಳು ಹೋದ್ರೆ ಹುಳ ಯಾರು ನೋಡೋದು?"

"ನುವ್ವೇ" ಎಂದರು ಅತ್ತೆ. ನೀನೇ ಎನ್ನುವುದಕ್ಕೆ ಆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ.

ಆ ಹದಿನೈದು ದಿನ ನಾನು ಏನಾದರೊಂದು ನೆಪ ಮಾಡಿಕೊಂಡು ಆ ಊರಿಗೆ ಹೋಗುತ್ತಿದ್ದೆ. ಮೊದಲ ದಿನ ಕೃಷ್ಣಪ್ಪ ಎರಡೂ ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು, ಮುಖ ಆ ಕಡೆ ತಿರುಗಿಸಿಕೊಂಡು ಸೊಪ್ಪು ಹಾಕುತ್ತಿದ್ದರು. ಅರ್ಧ ಸೊಪ್ಪು ನೆಲಕ್ಕೆ ಬಿದ್ದಿತ್ತು. ಹೊತ್ತಿಗೊಂದು ಸಲ ಹೆಂಡತಿಗೆ ಫೋನು. "ಲೇ, ಇವು ಎಲ್ಲ ತಲೆ ಎತ್ಕೊಂಡು ಕೂತವೆ ಕಣೇ, ನನ್ನೇ ನೋಡ್ತಿದಾವೆ, ಸೊಪ್ಪು ಹಾಕ್ಲಾ?" ಅತ್ತಲಿಂದ ನಾರಾಯಣಮ್ಮ ಕೂಗುವುದು ನನಗೂ ಕೇಳಿಸುತ್ತಿತ್ತು: "ಹಾಕ್ಬೇಡ್ರೀ! ಜ್ವರ ಅದು! ಸುಣ್ಣ ಉದುರ್ಸಿ!" ನಾಲ್ಕನೆಯ ದಿನ ಹೋದಾ‌ಗ ಕವರು ಇರಲಿಲ್ಲ, ಬರಿಗೈ. ಹತ್ತನೆಯ ದಿನ ನಾನು ಬಾಗಿಲಿಗೆ ಬರುತ್ತಿದ್ದಂತೆ, "ಸಾರ್, ಕಾಲುಚೀಲ ಬಿಚ್ಚಿ" ಎಂದು ಗದರಿದರು. ಕೊನೆಯಲ್ಲಿ ಹಣ್ಣು ಹುಳು ಆರಿಸುವಾಗ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆ ಸಲದ ಗೂಡು ನಾರಾಯಣಮ್ಮನ ಗೂಡಿನಷ್ಟು ಗಟ್ಟಿ ಬರಲಿಲ್ಲ. ಆದರೆ ಬಂತು.

ನಾರಾಯಣಮ್ಮ ಪ್ರಮಾಣಪತ್ರ ತಂದರು. ಮೇಡಂ ಮತ್ತೆ ಬಂದು ಹೋದ ಸಲಕ್ಕಿಂತ ಹೆಚ್ಚು ಪ್ರಶ್ನೆ ಕೇಳಿದರು. ಈ ಸಲ ಬಾಗಿಲ ಹಿಂದೆ ನಿಂತವರು ಕೃಷ್ಣಪ್ಪ. ಒಂದು ಪ್ರಶ್ನೆಗೆ ಆಕೆ ಯೋಚಿಸುತ್ತಿದ್ದಾಗ ಒಳಗಿನಿಂದ, "ನಾನು ಹೇಳ್ಲಾ?" ಎಂಬ ದನಿ ಬಂತು. ಬೇಡ ಎಂದು ಮೂರು ಜನ ಒಟ್ಟಿಗೆ ಹೇಳಿದರು.

ಅನುಮತಿ ಸಿಕ್ಕಿತು. ಕೇಂದ್ರ ಶುರುವಾಗುವ ದಿನ ಊರಿನವರೆಲ್ಲ ಸೇರಿದ್ದರು. ಅನುಮತಿ ಪತ್ರವನ್ನು ಕೈಗೆ ಕೊಡುವ ಕೆಲಸ ನನ್ನದು. ಎರಡು ಮಾತಾಡಿ ಪತ್ರ ಮುಂದೆ ಚಾಚಿದೆ. ಗಂಡ ಹೆಂಡತಿ ಪಕ್ಕಪಕ್ಕದಲ್ಲೇ ನಿಂತಿದ್ದರು. ಇಷ್ಟೆಲ್ಲ ಆದ ಮೇಲೂ, ದೇವರಾಣೆಗೂ ಹೇಳುತ್ತೇನೆ, ನನ್ನ ಕೈ ಸೀದಾ ಕೃಷ್ಣಪ್ಪನ ಕಡೆ ಹೋಯಿತು. ಆತ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ನನಗ್ಯಾಕೆ ಸಾರ್?" ಎಂದರು. ಜನ ಹೋ ಎಂದು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ನಾರಾಯಣಮ್ಮ ಪತ್ರ ತೆಗೆದುಕೊಂಡು ಅಲ್ಲೇ ನಿಂತು ಒಂದೊಂದು ಸಾಲನ್ನೂ ಬೆರಳಿಟ್ಟು ಓದತೊಡಗಿದರು. ಟೀ ಆರುತ್ತಿತ್ತು, ಯಾರೂ ಅವಸರಪಡಿಸಲಿಲ್ಲ. ಬೆರಳು ಒಂದು ಕಡೆ ನಿಂತಿತು. ನಾನು ಇಣುಕಿ ನೋಡಿದೆ. 'ನಾರಾಯಣಮ್ಮ ಕೋಂ ಕೃಷ್ಣಪ್ಪ' ಎಂದಿತ್ತು. ಇಂಥವರ ಹೆಂಡತಿ ಎಂದು ತಿಳಿಸಲು ನಮ್ಮ ಸರ್ಕಾರಿ ಕಾಗದಗಳಲ್ಲಿ ಹೆಂಗಸಿನ ಹೆಸರಿನ ಜೊತೆ 'ಕೋಂ' ಎಂದು ಹಾಕಿ ಗಂಡನ ಹೆಸರು ಸೇರಿಸುವ ರೂಢಿ. ಕಚೇರಿಯಲ್ಲಿ ಯಾರೂ ಕೇಳದೆ ಸೇರಿಸಿದ್ದರು, ನಾನು ನೋಡದೆ ತಂದಿದ್ದೆ.

"ಅಮ್ಮ, ಬೇಡ ಅಂದ್ರೆ ಅದನ್ನ ತೆಗೆಸಿ ಬೇರೆ ಟೈಪ್ ಮಾಡಿಸ್ಕೊಡ್ತೀನಿ" ಎಂದೆ.

ಆಕೆ ಗಂಡನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ಆತ ಏನು ತೀರ್ಪು ಬರುತ್ತದೋ ಎಂದು ಕಾಯುತ್ತ ನಿಂತಿದ್ದರು.

"ಇರ್ಲಿ ಬಿಡಿ ಸಾರ್. ಹದಿನೈದು ದಿನ ಹುಳ ನೋಡ್ಕೊಂಡವ್ರೆ."

ನನ್ನ ನೌಕರಿಯಲ್ಲಿ ಎಷ್ಟು ಗಂಡಸರ ಹೆಸರನ್ನು ಎಷ್ಟು ಕಾಗದಗಳ ಮೇಲೆ ಬರೆದೆನೋ ನನಗೇ ಗೊತ್ತಿಲ್ಲ. ಕೆಲಸ ಮಾಡಿ ಆ ಜಾಗ ಗಳಿಸಿಕೊಂಡ ಗಂಡಸನ್ನು ನಾನು ನೋಡಿದ್ದು ಅವತ್ತೇ.